ಸರಪಳಿಯಿಂದ ಚಿಕಿತ್ಸೆಯ ಕಡೆಗೆ

ಬೆಂಗಳೂರಿನಲ್ಲಿ 1847ರಲ್ಲಿ ಆರಂಭವಾದದ್ದು 'ಹುಚ್ಚರ ಆಸ್ಪತ್ರೆ'. 1925ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆ ಎಂಬ ಹೆಸರು ಬಂತು. 1974ರಲ್ಲಿ ಅದೇ ನಿಮ್ಹಾನ್ಸ್‌ನ ಭಾಗವಾಯಿತು. ಮನೋರೋಗಕ್ಕೂ ಮೆದುಳಿನ ಗಡ್ಡೆಗೂ ಇಂದು ಅಲ್ಲಿ ಚಿಕಿತ್ಸೆಯಿದೆ.

ಆದರೆ ಹೆಸರು ಬದಲಾದಷ್ಟು ಬೇಗ ಸಮಾಜ ಬದಲಾಗಲಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾಕ್ಕೆ ಕರೆತಂದ ಮನೋರೋಗಿಗಳನ್ನು ಇರಿಸಿದ್ದ ಆಶ್ರಯಕ್ಕೆ ಬೆಂಕಿ ಬಿತ್ತು. ಸರಪಳಿ ಬಿಗಿದಿದ್ದರಿಂದ ಓಡಲಾಗದೆ 28 ಮಂದಿ ಅಸುನೀಗಿದರು. 2017ರ ಕಾನೂನು ಸರಪಳಿಯನ್ನೇ ನಿಷೇಧಿಸಿದೆ. 2016ರ ಕಾನೂನು ಕಲಿಕಾ ನ್ಯೂನತೆಯನ್ನೂ ಗುರುತಿಸಿದೆ.

'ದಡ್ಡ', 'ಹುಚ್ಚ' ಎಂಬ ಮಾತುಗಳೂ ಸರಪಳಿಗಳೇ. ಶಿಕ್ಷಕರಾದ ನಾವೇ ಮೊದಲು ಅವನ್ನು ಕಳಚಬೇಕು. ಕಾಪು, ಕಾರ್ಕಳದವರಿಗೆ ಮಣಿಪಾಲ ದೂರವೇನಲ್ಲ. ದುಆ ಮಾಡೋಣ, ವೈದ್ಯರ ಬಳಿಗೂ ಕರೆದೊಯ್ಯೋಣ.