ಜೋಳವಾಳಿ ಮತ್ತು ನೆತ್ತರುಕೊಡಗೆ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯಲ್ಲಿ ಯೋಧರ ಋಣ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರುತ್ತವೆ. ಮ್ಯಾಸಬೇಡರು ಮತ್ತು ಕಾಡುಗೊಲ್ಲರು ದನಕುರಿಗಳನ್ನು ಸಾಕಿಕೊಂಡು ಬಾಳಿದ ಈ ಬಯಲುಸೀಮೆ ಒಂದು ಕಾಲಕ್ಕೆ ನೊಳಂಬವಾಡಿಗೆ ಸೇರಿತ್ತು. ಮುಂದೆ ಚಿತ್ರದುರ್ಗದ ನಾಯಕರ ಸೇನೆಗೆ ಕಾಲಾಳುಗಳನ್ನು ಒದಗಿಸಿತು. ಕಾಳಗಕ್ಕೆ ಹೋದವನಿಗೆ ಅರಸು ಮತ್ತು ಊರು ತಮ್ಮ ಕೃತಜ್ಞತೆಯನ್ನು ಹೇಗೆ ಸಲ್ಲಿಸುತ್ತಿದ್ದವು ಎಂಬುದನ್ನು ಈ ಸೀಮೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರಾಚೀನ ಕನ್ನಡ ಸಮಾಜದಲ್ಲಿ ಕೃತಜ್ಞತೆಯೆಂಬುದು ಮಾತಿಗಿಂತ ಹೆಚ್ಚಾಗಿ ಋಣದ ರೂಪದಲ್ಲಿತ್ತು. ಒಡೆಯನ ಜೋಳವನ್ನುಂಡವನು ಅವನಿಗಾಗಿ ಪ್ರಾಣವನ್ನೂ ಕೊಡಬೇಕೆಂಬ ನಿಷ್ಠೆಯೇ ಜೋಳವಾಳಿ. ಈ ಋಣಕ್ಕೆ ಇನ್ನೊಂದು ಬದಿಯೂ ಇತ್ತು. ಆಳು ನೆತ್ತರು ಚೆಲ್ಲಿದ ಮೇಲೆ ಅವನ ಮನೆಯವರ ಅನ್ನಕ್ಕೆ ಒಡೆಯನು ಹೊಣೆಯಾಗಬೇಕಿತ್ತು. ಮಡಿದವನ ಕುಟುಂಬಕ್ಕೆ ಬಿಟ್ಟ ಭೂಮಿಯನ್ನು ನೆತ್ತರುಕೊಡಗೆ, ರಕ್ತಕೊಡಗೆ ಎಂದು ಕರೆದಿರುವುದು ಇದನ್ನೇ ಸೂಚಿಸುತ್ತದೆ.

ನೊಳಂಬರ ಕಾಲದ ಕಾಳಗಗಳಿಗೆ ಸಂಬಂಧಿಸಿದ ಬೇಗೂರಿನ ವೀರಗಲ್ಲು ಇದಕ್ಕೆ ಪ್ರಸಿದ್ಧ ನಿದರ್ಶನ. ಬೀರಮಹೇಂದ್ರನ ಸೇನೆಯೊಡನೆ ಹೋರಾಡಿ ನಾಗತ್ತರನು ಮಡಿದಾಗ, ಗಂಗರ ಎರೆಯಪ್ಪನು ಇರುಗನಿಗೆ ನಾಗತ್ತರ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಬದುಕಿ ಬಂದ ಯೋಧನಿಗೆ ಸಂದ ಗೌರವವನ್ನು ಮದ್ದೂರು ತಾಲ್ಲೂಕಿನ ಆತಕೂರು ಶಾಸನ ತಿಳಿಸುತ್ತದೆ. 949ರ ತಕ್ಕೋಲಂ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಇಮ್ಮಡಿ ಬೂತುಗನು ಆತಕೂರು ಹನ್ನೆರಡು ಮೊದಲಾದವುಗಳನ್ನು ಬಾಳ್ಗಚ್ಚಾಗಿ ನೀಡಿದನು. ಬಾಳ್ಗಚ್ಚು ಎಂದರೆ ಕತ್ತಿಯನ್ನು ತೊಳೆದು ಕೊಡುವ ದತ್ತಿ. ಕಾದಿದವನ ಕತ್ತಿಯನ್ನು ಅರಸನೇ ತೊಳೆಯುವ ಈ ಕಲ್ಪನೆಯಲ್ಲಿ ಒಡೆಯ–ಆಳುಗಳ ಅಂತರ ಕ್ಷಣಕಾಲವಾದರೂ ಅಳಿಯುತ್ತದೆ ಎಂಬುದು ಗಮನಾರ್ಹ.

ಆದರೆ ನಾಗತ್ತರ, ಮಣಲೆರರು ಹೆಸರುಳ್ಳ ನಾಯಕರು. ಸಾಮಾನ್ಯ ಕಾಲಾಳಿನ ಸ್ಥಿತಿಯೇನು? ಚಳ್ಳಕೆರೆಗೆ ಸಮೀಪದ ದೊಡ್ಡೇರಿಯ ಚರಿತ್ರೆ ಈ ಪ್ರಶ್ನೆಯನ್ನು ಮುಂದಿಡುತ್ತದೆ. 1695ರಲ್ಲಿ ಮರಾಠ ಸೇನಾನಿ ಸಂತಾಜಿ ಘೋರ್ಪಡೆಯು ಮೊಗಲ್ ಸರದಾರ ಕಾಸಿಂ ಖಾನನನ್ನು ದೊಡ್ಡೇರಿಯ ಕೋಟೆಯಲ್ಲಿ ಮುತ್ತಿದನು. ಖಾನನು ಅಲ್ಲಿಯೇ ಅಸುನೀಗಿದನು. ಚಿತ್ರದುರ್ಗದ ಭರಮಣ್ಣನಾಯಕನ ಬಂದೂಕುಧಾರಿ ಕಾಲಾಳುಗಳು ಈ ಯುದ್ಧದಲ್ಲಿ ಮರಾಠರ ಪರವಾಗಿ ನಿಂತಿದ್ದರು. ಪಾರಸಿ ವೃತ್ತಾಂತಗಳು ಸರದಾರರೆಲ್ಲರನ್ನೂ ಹೆಸರಿಸುತ್ತವೆ. ಈ ಆಳುಗಳನ್ನು ಮಾತ್ರ ‘ಕಾಲಾ ಪ್ಯಾದೆ’ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತವೆ.

ಚರಿತ್ರಕಾರರು ಬಿಟ್ಟ ಈ ಕೊರತೆಯನ್ನು ತುಂಬಿದವರು ಜನಪದರು. ತುರುಗಳನ್ನು ಕಾಯುತ್ತ ಮಡಿದವನಿಗೂ ಕೋಟೆಗಾಗಿ ಮಡಿದವನಿಗೂ ಅವರು ಭೇದವೆಣಿಸಲಿಲ್ಲ. ಹುಲಿಯೊಡನೆ ಸೆಣಸಿದ ಗಾದ್ರಿಪಾಲನಾಯಕನನ್ನು ಮ್ಯಾಸಬೇಡರೂ, ಎತ್ತಪ್ಪ, ಜುಂಜಪ್ಪರನ್ನು ಕಾಡುಗೊಲ್ಲರೂ ಸಾಂಸ್ಕೃತಿಕ ವೀರರನ್ನಾಗಿಸಿ ಹಾಡುತ್ತ ಬಂದಿದ್ದಾರೆ. ವೀರಗಲ್ಲಿನ ಕೆಳಪಟ್ಟಿಕೆಯಲ್ಲಿ ಕಾದಾಟ, ನಡುವೆ ಅಪ್ಸರೆಯರೊಡನೆ ಪಯಣ, ಮೇಲೆ ಶಿವಸನ್ನಿಧಿ. ಬಿರುದಿಲ್ಲದವನಿಗೂ ಶಿಲ್ಪಿ ಇದೇ ಕೈಲಾಸವನ್ನು ಕಡೆದಿದ್ದಾನೆ. ಹಬ್ಬದ ದಿನ ಆ ಕಲ್ಲನ್ನು ತೊಳೆದು, ಎಣ್ಣೆ ಹಚ್ಚಿ, ಕಾಯಿ ಒಡೆಯುವುದು ಋಣವನ್ನು ವರ್ಷಕ್ಕೊಮ್ಮೆ ನವೀಕರಿಸುವ ಆಚರಣೆಯೇ ಆಗಿದೆ.

ಬದುಕಿದ್ದ ಆಳಿಗೆ ಉಂಬಳಿ, ತಳವಾರಿಕೆಯ ಮಾನ್ಯಗಳು ಆಸರೆಯಾಗಿದ್ದವು. 1779ರಲ್ಲಿ ಹೈದರಾಲಿಯು ಚಿತ್ರದುರ್ಗವನ್ನು ಗೆದ್ದು ಸಾವಿರಾರು ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಅವರ ಹುಡುಗರಿಂದ ಚೇಲಾ ದಳಗಳನ್ನು ಕಟ್ಟಿದಾಗ, ಕೊಟ್ಟ ಮಾತನ್ನು ನಡೆಸಬೇಕಾದ ಅರಸುಮನೆತನವೇ ಇಲ್ಲವಾಯಿತು. ಉಳಿದ ತಳವಾರಿಕೆಯಂತಹ ವಂಶಪಾರಂಪರ್ಯ ಹುದ್ದೆಗಳನ್ನು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ಕೊನೆಗಾಣಿಸಿತು. ಆದರೆ ಭೂಮಿಯ ಮೂಲಕ ಋಣ ತೀರಿಸುವ ಕಲ್ಪನೆ ಅಳಿಯಲಿಲ್ಲ. 1969ರ ಭೂ ಮಂಜೂರಾತಿ ನಿಯಮಗಳು ಸರ್ಕಾರಿ ಜಮೀನಿನಲ್ಲಿ ಸೈನಿಕರಿಗೂ ಮಾಜಿ ಸೈನಿಕರಿಗೂ ಪಾಲನ್ನು ಮೀಸಲಿಟ್ಟವು. 1949ರಿಂದ ಡಿಸೆಂಬರ್ 7ರಂದು ಆಚರಿಸಲಾಗುತ್ತಿರುವ ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿಯೂ ಇದೇ ಹೊಣೆಯ ಆಧುನಿಕ ರೂಪವೆನ್ನಬಹುದು.

ಒಟ್ಟಾರೆ, ಕಲ್ಲು ಮಡಿದವನ ನೆನಪನ್ನು ಕಾದರೆ, ಮಣ್ಣು ಅವನ ಮನೆಯನ್ನು ಕಾದಿತು. ಇವೆರಡರಲ್ಲಿ ಒಂದೇ ಉಳಿದರೆ ಋಣ ಸಂದಂತಾಗುವುದಿಲ್ಲ. ನೀರೇ ಅಪರೂಪವಾದ ಈ ಸೀಮೆಯಲ್ಲಿ ಯೋಧನಿಗೆ ಬಿಟ್ಟ ಭೂಮಿಯೆಂದರೆ ಊರು ತನ್ನ ಅನ್ನದಲ್ಲಿ ಪಾಲು ಕೊಟ್ಟಂತೆ. ಹೊಲದ ಬದುವಿನಲ್ಲಿ ಮುರಿದು ಬಿದ್ದ ವೀರಗಲ್ಲನ್ನು ಎತ್ತಿ ನಿಲ್ಲಿಸುವ ಕೆಲಸದಷ್ಟೇ, ಗಡಿಯಿಂದ ಮರಳಿದವನ ಅರ್ಜಿಯನ್ನು ಸಕಾಲದಲ್ಲಿ ಇತ್ಯರ್ಥಗೊಳಿಸುವ ಕೆಲಸವೂ ನೆತ್ತರುಕೊಡಗೆಯ ಪರಂಪರೆಗೆ ಸೇರಿದುದು.