ದೇವಾಲಯದ ಮಾಡು ಮತ್ತು ದಂಬೆ: ಮರೆತುಹೋದ ಒಂದು ಸೇವೆಯ ಚರಿತ್ರೆ

ಧರ್ಮಕೇಂದ್ರವೊಂದರ ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ಅಡಿಗಲ್ಲನ್ನು ಆಶೀರ್ವದಿಸಿದ ಧರ್ಮಾಧ್ಯಕ್ಷರ, ಭೂದಾನ ಮಾಡಿದ ಮನೆತನಗಳ, ಗಂಟೆ ಕೊಡಿಸಿದ ದಾನಿಗಳ ಹಾಗೂ ಸೇವೆ ಸಲ್ಲಿಸಿದ ಗುರುಗಳ ನಾಮಾವಳಿ ಅಚ್ಚಾಗುವುದು ವಾಡಿಕೆ. ಅದು ನ್ಯಾಯವೂ ಹೌದು. ಆದರೆ ಕಟ್ಟಿದ ದೇವಾಲಯ ನೂರು ಮಳೆಗಾಲಗಳನ್ನು ಹೇಗೆ ದಾಟಿತು ಎಂಬ ಪ್ರಶ್ನೆಗೆ ಆ ನಾಮಾವಳಿಯಲ್ಲಿ ಉತ್ತರ ದೊರೆಯದು. ಹಳೆಯ ಲೆಕ್ಕದ ಪುಸ್ತಕಗಳಲ್ಲಿ ವರ್ಷಕ್ಕೊಮ್ಮೆ ಕಾಣುವ ಒಂದು ಸಾಲಿನಲ್ಲಿ ಆ ಉತ್ತರ ಅಡಗಿದೆ: ಮಾಡು ಕೈಯಾಡಿಸಿ ದಂಬೆ ತೆಗೆದ ಆಳುಗಳು ಇಷ್ಟು, ಕೂಲಿ ಇಷ್ಟು. ಆಳುಗಳ ಹೆಸರಿಲ್ಲ. ಆ ಹೆಸರಿಲ್ಲದವರ ವಿದ್ಯೆಯ ಚರಿತ್ರೆಯನ್ನು ನಮ್ಮ ಭಕ್ತಾದಿಗಳ ಮುಂದೆ ಇಡಲು ಈ ಲೇಖನದಲ್ಲಿ ಯತ್ನಿಸುತ್ತೇವೆ.

ದೇವರ ಮನೆಯ ದುರಸ್ತಿ ಕ್ಷುಲ್ಲಕ ಕಾರ್ಯವೆಂದು ಪವಿತ್ರ ಗ್ರಂಥವು ಎಲ್ಲಿಯೂ ಭಾವಿಸಿಲ್ಲ. ಅರಸುಗಳ ಎರಡನೆಯ ಗ್ರಂಥದಲ್ಲಿ ಯೋವಾಷ ಅರಸನ ಕಾಲದ ವೃತ್ತಾಂತವಿದೆ. ದೇವಾಲಯದ ಜೀರ್ಣೋದ್ಧಾರಕ್ಕೆಂದು ಬಂದ ಹಣ ಯಾಜಕರ ವಶಕ್ಕೆ ಸೇರುತ್ತಿದ್ದರೂ ಅರಸನ ಆಳ್ವಿಕೆಯ 23ನೆಯ ವರ್ಷದವರೆಗೆ ದುರಸ್ತಿ ನಡೆಯಲೇ ಇಲ್ಲ. ಕೊನೆಗೆ ಯಾಜಕ ಯೆಹೋಯಾದನು ಪೆಟ್ಟಿಗೆಯೊಂದರ ಮುಚ್ಚಳದಲ್ಲಿ ರಂಧ್ರ ಕೊರೆದು ಬಲಿಪೀಠದ ಪಕ್ಕದಲ್ಲಿಟ್ಟನು. ಅದರಲ್ಲಿ ಕೂಡಿದ ಹಣ ನೇರವಾಗಿ ಬಡಗಿಗಳಿಗೂ ಕಲ್ಲುಕುಟಿಗರಿಗೂ ಸಂದಿತು. ಗುರುಗಳಾದ ನಾವು ಆಗಾಗ ಓದಿಕೊಳ್ಳಬೇಕಾದ ಅಧ್ಯಾಯವಿದು. ಅಸ್ಸಿಸಿಯ ಸಂತ ಫ್ರಾನ್ಸಿಸರು ತಮ್ಮ ದೈವಕರೆಯ ಆರಂಭದಲ್ಲಿ ಮಾಡಿದ್ದೂ ಸಂತ ದಾಮಿಯಾನರ ಪಾಳುಬಿದ್ದ ಗುಡಿಯನ್ನು ಸ್ವಹಸ್ತದಿಂದ ದುರಸ್ತಿಗೊಳಿಸುವ ಕೆಲಸವನ್ನೇ.

ಮಳೆನೀರನ್ನು ಗೋಡೆಯಿಂದ ದೂರ ಕಳುಹಿಸುವ ಚಿಂತೆ ಎಲ್ಲ ದೇಶಗಳ ಶಿಲ್ಪಿಗಳಿಗೂ ಇತ್ತು. ನಮ್ಮ ನಾಡಿನ ಶಿಲಾದೇಗುಲಗಳಲ್ಲಿ ಮಕರಮುಖದ ಪ್ರನಾಳಗಳನ್ನು ನೋಡುತ್ತೇವೆ. ಯೂರೋಪಿನ ಮಹಾದೇವಾಲಯಗಳಲ್ಲಿ, ಮುಖ್ಯವಾಗಿ 13ನೆಯ ಶತಮಾನದಿಂದೀಚೆಗೆ, ವಿಕಾರಮುಖದ ಪ್ರಾಣಿಗಳು ಬಾಯಿತೆರೆದು ಹೊರಚಾಚಿ ನಿಂತಿರುವುದೂ ಇದೇ ಕಾರಣಕ್ಕೆ. ಅವುಗಳ ಫ್ರೆಂಚ್ ಹೆಸರಿನ ಮೂಲಾರ್ಥ ಗಂಟಲು. ರುವಾನ್ ನಗರದ ಧರ್ಮಾಧ್ಯಕ್ಷರಾಗಿದ್ದ ಸಂತ ರೊಮಾನುಸರು ಘಟಸರ್ಪವೊಂದನ್ನು ಗೆದ್ದರೆಂದೂ ಅದರ ತಲೆಯೇ ಈ ನೀರುಬಾಯಿಗಳಿಗೆ ಮಾದರಿಯಾಯಿತೆಂದೂ ಅಲ್ಲಿನ ಐತಿಹ್ಯ. ಇಂಗ್ಲೆಂಡಿನ ಮೂರನೆಯ ಹೆನ್ರಿ ಅರಸನು 1240ರಲ್ಲಿ ಲಂಡನ್ ಕೋಟೆಯ ಶ್ವೇತಗೋಪುರಕ್ಕೆ ಸುಣ್ಣ ಬಳಿಸಿದಾಗ, ತೊಟ್ಟಿಕ್ಕುವ ನೀರಿನಿಂದ ಗೋಡೆ ಕೆಡದಂತೆ ಸೀಸದ ಕೊಳವೆಗಳನ್ನು ನೆಲದವರೆಗೆ ಇಳಿಸಬೇಕೆಂದು ಆಜ್ಞಾಪಿಸಿದನು.

ನಮ್ಮ ಕರಾವಳಿಯ ಚರಿತ್ರೆ ಬೇರೆ. 1784ರಲ್ಲಿ ಕೆನರಾದ ಕ್ರೈಸ್ತರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದಾಗ ದೇವಾಲಯಗಳು ನೆಲಸಮವಾದವು. 1799ರ ನಂತರ ಹಿಂದಿರುಗಿದವರು ಬರಿಗೈಯಲ್ಲಿ ಪುನಃ ಕಟ್ಟಬೇಕಾಯಿತು. ಬಡವರ ಕಟ್ಟಡಗಳಿಗೆ ಆಗ ಒದಗುತ್ತಿದ್ದ ಹೊದಿಕೆ ಮುಳಿಹುಲ್ಲು ಮತ್ತು ಸೋಗೆ. ಅನುಕೂಲವಿದ್ದಲ್ಲಿ ಕುಂಬಾರರ ಕೈಹಂಚು. ಹುಲ್ಲಿನ ಮಾಡಿಗೆ ದಂಬೆ ಬೇಕಿರಲಿಲ್ಲ, ಅದನ್ನು ಆಗಾಗ ಹೊಸದಾಗಿ ಹೊದಿಸಿದರೆ ಸಾಕಾಗಿತ್ತು. ಎರಡು ಮಾಡುಗಳು ಕೂಡುವ ಕಡೆ ಮಾತ್ರ ಅಡಿಕೆ ಮರವನ್ನು ಉದ್ದಕ್ಕೆ ಸೀಳಿ, ತಿರುಳು ತೆಗೆದು, ದಂಬೆಯಾಗಿ ಇಡುತ್ತಿದ್ದರು. ತಗಡಿನ ದೋಣಿಗೂ ಪ್ಲಾಸ್ಟಿಕ್ಕಿನ ಕೊಳವೆಗೂ ನಾವು ಇಂದಿಗೂ ದಂಬೆ ಎನ್ನುವುದು ಆ ಅಡಿಕೆ ಮರದ ನೆನಪಿನಿಂದಲೇ.

ದೊಡ್ಡ ಬದಲಾವಣೆ ಬಂದದ್ದು 1865ರಲ್ಲಿ. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್‌ಸ್ಟ್ ಅವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಒಂದಕ್ಕೊಂದು ಕಚ್ಚಿಕೊಳ್ಳುವ ಹಂಚಿನ ವಿನ್ಯಾಸಕ್ಕೆ ಅಲ್ಸಾಸ್ ಪ್ರಾಂತದ ಜಿಲಾರ್ಡೋನಿ ಸಹೋದರರು 1841ರಲ್ಲಿಯೇ ಹಕ್ಕುಪತ್ರ ಪಡೆದಿದ್ದರು. ಆ ಬಗೆಯ ಹಂಚು ನೇತ್ರಾವತಿ ಮತ್ತು ಗುರುಪುರ ನದಿಗಳ ಜೇಡಿಯಲ್ಲಿ ಮರುಹುಟ್ಟು ಪಡೆದು ಮಂಗಳೂರು ಹಂಚೆಂದು ಲೋಕಪ್ರಸಿದ್ಧವಾಯಿತು. ಮುಂದೆ ಕಥೋಲಿಕ ಮನೆತನಗಳೂ ಈ ಉದ್ಯಮದಲ್ಲಿ ಹೆಸರು ಗಳಿಸಿದವು. ಪ್ರೊಟೆಸ್ಟಂಟ್ ಬಂಧುಗಳು ತಂದ ವಿದ್ಯೆ ಕಥೋಲಿಕ ಬಲಿಪೀಠಗಳಿಗೆ ನೆರಳಾದುದನ್ನು ಇಂದು ಕೃತಜ್ಞತೆಯಿಂದ ಸ್ಮರಿಸುವುದು ಉಚಿತ.

ಈ ಹಂಚಿನ ಮೈಮೇಲಿನ ಗೀರುಗಳು ಅಲಂಕಾರಕ್ಕಾಗಿ ಇರುವುದಲ್ಲ. ಒಂದೊಂದೂ ಪುಟ್ಟ ಕಾಲುವೆ. ಆದ್ದರಿಂದ ದಂಬೆಯ ಕೆಲಸ ಹಂಚಿನಿಂದಲೇ ಆರಂಭವಾಗುತ್ತದೆ. ಮುಖ್ಯ ಮಾಡು ಮತ್ತು ಪೂಜಾವಸ್ತ್ರಗಳ ಕೋಣೆಯ ಮಾಡು ಸಂಧಿಸುವ ಒಳಮೂಲೆಯಲ್ಲಿ ಎರಡೂ ಕಡೆಯ ನೀರು ಒಟ್ಟಾಗುತ್ತದೆ. ಕಬ್ಬಿಣದ ತಗಡಿಗೆ ಸತುವಿನ ಲೇಪ ಕೊಡುವ ವಿಧಾನಕ್ಕೆ ಫ್ರಾನ್ಸಿನ ಸೊರೆಲ್ ಅವರು 1837ರಲ್ಲಿ ಹಕ್ಕುಪತ್ರ ಪಡೆದ ಮೇಲೆ ಈ ಮೂಲೆಗಳಿಗೆ ಅಡಿಕೆ ಮರದ ಬದಲು ಬಾಳಿಕೆಯ ತಗಡು ಲಭ್ಯವಾಯಿತು.

ನಮ್ಮಲ್ಲಿ ಬೀಳುವ ಮಳೆಯ ಪ್ರಮಾಣವನ್ನು ಲೆಕ್ಕ ಹಾಕಿ ನೋಡಬಹುದು. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆಯೆಂದು ಹಿಡಿದರೆ, 300 ಚದರ ಮೀಟರ್ ಹರವಿನ ಮಾಡಿನ ಮೇಲೆ ಹತ್ತು ಲಕ್ಷ ಲೀಟರಿಗೂ ಮಿಕ್ಕಿ ನೀರು ಬೀಳುತ್ತದೆ. ಗಂಟೆಗೆ 50 ಮಿಲಿಮೀಟರ್ ಸುರಿಯುವ ಜಡಿಮಳೆಯಲ್ಲಿ ಅದೇ ಮಾಡಿನಿಂದ ಒಂದೇ ಗಂಟೆಯಲ್ಲಿ ಇಳಿಯುವ ನೀರು 15,000 ಲೀಟರ್. ಇಷ್ಟನ್ನು ಹೊರಹಾಕುವ ದಂಬೆಯ ಬಾಯಿಗೆ ಹಲಸಿನ ನಾಲ್ಕು ಒಣ ಎಲೆ ಅಡ್ಡ ನಿಂತರೆ ಸಾಕು. ಎಲೆಯ ಹಿಂದೆ ಮಾವಿನ ಹೂವಿನ ಪುಡಿ, ತೆಂಗಿನ ಸಿಂಗಾರದ ಚೂರು, ಹಂಚಿನಿಂದ ಕಳಚಿದ ಪಾಚಿ ಶೇಖರವಾಗುತ್ತವೆ, ಕೊಳೆತು ಮಣ್ಣಾಗುತ್ತವೆ. ಆ ಮಣ್ಣಿನಲ್ಲಿ ಹಕ್ಕಿ ಉದುರಿಸಿದ ಗೋಳಿ ಅಥವಾ ಅಶ್ವತ್ಥದ ಬೀಜ ಮೊಳೆಯುತ್ತದೆ. ನೀರು ಹಿಮ್ಮುಖವಾಗಿ ಉಕ್ಕಿ ರೀಪನ್ನು ನೆನೆಸುತ್ತದೆ, ಬಳಿಕ ಪಕ್ಕಾಸಿನ ತುದಿಯನ್ನು ಕೊಳೆಸುತ್ತದೆ, ಕಡೆಗೆ ಮುರಕಲ್ಲಿನ ಗೋಡೆಗೆ ಇಳಿಯುತ್ತದೆ. ಮುರಕಲ್ಲು ನೀರು ಹೀರುವ ಕಲ್ಲು. ಅದಕ್ಕೆ ಗಾರೆಯೇ ರಕ್ಷೆ. ಹಳೆಯ ಗೋವೆಯಲ್ಲಿ 1605ರಲ್ಲಿ ಪ್ರತಿಷ್ಠೆಗೊಂಡ, ಸಂತ ಫ್ರಾನ್ಸಿಸ್ ಕ್ಸೇವಿಯರರ ಪಾರ್ಥಿವ ಶರೀರವಿರುವ ಬೊಮ್ ಜೇಸುಸ್ ಮಹಾದೇವಾಲಯದ ಹೊರಗಾರೆಯನ್ನು 1950ರ ದಶಕದಲ್ಲಿ ತೆಗೆಯಲಾಯಿತು. ಅಂದಿನಿಂದ ಅದರ ಬತ್ತಲೆ ಕಲ್ಲು ಮಳೆಗೆ ಸವೆಯುತ್ತಿರುವುದನ್ನು ಯಾತ್ರಿಕರೆಲ್ಲ ಕಂಡಿದ್ದಾರೆ. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದಲ್ಲಿ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿಯವರು 19ನೆಯ ಶತಮಾನದ ಕೊನೆಯಲ್ಲಿ ಬರೆದಂಥ ಗಾರೆಚಿತ್ರಗಳಿಗೂ ತೇವವೇ ಪರಮವೈರಿ.

ಇನ್ನು ನಮ್ಮ ಹಿರಿಯರ ಸಲಕರಣೆಗಳು. ಬಿದಿರಿನ ಏಣಿ, ಸೆಣಬಿನ ಹಗ್ಗ, ಬೆತ್ತದ ಬುಟ್ಟಿ, ತೆಂಗಿನ ಕಡ್ಡಿಯ ಹಿಡಿಸೂಡಿ, ದೋಟಿಯ ತುದಿಗೆ ಕಟ್ಟಿದ ಕೊಕ್ಕೆ, ಮತ್ತು ಅಡಿಕೆ ಹಾಳೆಯ ಒಂದು ತುಂಡು. ಈ ಹಾಳೆಯ ತುಂಡನ್ನು ಅಲ್ಪವೆಂದು ಎಣಿಸಬಾರದು. ಅದು ದಂಬೆಯ ಬಾಗಿಗೆ ತಾನೇ ಬಾಗಿ ಕೆಸರನ್ನು ಗೋರುತ್ತದೆ. ಸತುವಿನ ಲೇಪವನ್ನು ಗೀರುವುದಿಲ್ಲ. ಕಬ್ಬಿಣದ ಕರಣೆಯಿಂದ ಕೆರೆದ ತಗಡಿಗೆ ಗೀರಿದ ಜಾಗದಿಂದಲೇ ತುಕ್ಕು ಹಿಡಿಯುತ್ತದೆ.

ಕ್ರಮವೂ ಅಷ್ಟೇ ಮುಖ್ಯ. ಮೊದಲು ದೋಟಿಯಿಂದ ತಟ್ಟಿ, ಕಣಜದ ಗೂಡೋ ಹಾವೋ ಇದೆಯೇ ಎಂದು ನೋಡಬೇಕು. ಆಮೇಲೆ ಇಳಿಕೊಳವೆಯ ಬಾಯನ್ನು ಬಿಡಿಸಿ, ಕಸ ಒಳಗೆ ಜಾರದಂತೆ ಬಟ್ಟೆ ತುರುಕಬೇಕು. ಒಣಗಿರುವಾಗಲೇ ಕಸವನ್ನು ಬುಟ್ಟಿಗೆ ತುಂಬಿ ಹಗ್ಗದಿಂದ ಇಳಿಸಬೇಕು, ಕೆಳಗೆ ಎಸೆಯಬಾರದು. ನಂತರ ಬಟ್ಟೆ ತೆಗೆದು ಎತ್ತರದ ತುದಿಯಿಂದ ಒಂದು ಕೊಡ ನೀರು ಸುರಿಯಬೇಕು. ನೀರು ನಿಂತಲ್ಲಿ ಇಳಿಜಾರು ಕೆಟ್ಟಿದೆ, ಮಾಯವಾದಲ್ಲಿ ತಗಡು ತೂತಾಗಿದೆ ಎಂದು ತಿಳಿಯಬೇಕು. ಹಂಚಿನ ಮೇಲೆ ಕಾಲಿಡಬೇಕಾದರೆ ನಡುವೆ ಮೆಟ್ಟದೆ, ರೀಪಿನ ಆಧಾರವಿರುವ ಕೆಳಗಿನ ಜೋಡಣೆಯ ಮೇಲೆ ಮೆಟ್ಟಬೇಕು.

ಈ ಕೆಲಸಕ್ಕೆ ವರ್ಷದಲ್ಲಿ ಮೂರು ಸಲ ಸಮಯ. ಮೊದಲನೆಯದು ಮಾತೆಯ ಮಾಸವಾದ ಮೇ, ಮುಂಗಾರು ಮುಟ್ಟುವ ಮುನ್ನ. ಎರಡನೆಯದು ಮಳೆ ಬಿಡುವು ಕೊಟ್ಟಾಗ, ಸೆಪ್ಟೆಂಬರ್ 8ರ ತೆನೆಹಬ್ಬದ ಸಿದ್ಧತೆಯೊಡನೆ. ಮೂರನೆಯದು ಮೃತರ ಸ್ಮರಣೆಯ ನವೆಂಬರಿನಲ್ಲಿ, ಹಿಂಗಾರು ತಂದ ಕಸ ತೆಗೆಯಲು.

ಈಗ ಉದ್ದಕೋಲಿನ ಕೊಳವೆಗಳು, ಒತ್ತಡದಿಂದ ನೀರು ಚಿಮ್ಮುವ ಯಂತ್ರಗಳು, ದಂಬೆಗೆ ಹೊದಿಸುವ ಬಲೆಗಳು ಬಂದಿವೆ. ನೆಲದ ಮೇಲೆಯೇ ನಿಂತು ಶುಚಿಮಾಡಲು ಸಾಧ್ಯವಾದರೆ ಅದನ್ನು ಸ್ವಾಗತಿಸೋಣ. ಆದರೆ ರಭಸದ ನೀರು ಹಂಚಿನ ಸಂದಿನೊಳಗೆ ನುಗ್ಗುತ್ತದೆಂಬುದನ್ನೂ, ಬಲೆಯ ಮೇಲೆ ಎಲೆಯೂ ಬಲೆಯ ಕೆಳಗೆ ಗಾಳಿಮರದ ಸೂಜಿಯೆಲೆಯೂ ಕೂಡುತ್ತದೆಂಬುದನ್ನೂ ಮರೆಯಬಾರದು. ಬಲೆಯಿದೆಯೆಂದು ಮೂರು ವರ್ಷ ಮೇಲೆ ನೋಡದ ದಂಬೆ, ಬಲೆಯಿಲ್ಲದ ದಂಬೆಗಿಂತ ಕೆಟ್ಟದ್ದು.

ಎಲ್ಲಕ್ಕಿಂತ ಗುರುತರವಾದ ಮಾತೊಂದು ಉಳಿದಿದೆ. ಮನೆ ಕಟ್ಟುವವನು ಮಾಳಿಗೆಗೆ ಅಡ್ಡಗೋಡೆ ಕಟ್ಟಬೇಕು, ಯಾರಾದರೂ ಬಿದ್ದು ಸತ್ತರೆ ಆ ರಕ್ತಾಪರಾಧ ಮನೆಯ ಮೇಲೆ ಬರುತ್ತದೆ ಎಂಬ ವಿಧಿ ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿದೆ. ಹಂಚಿನ ಇಳಿಮಾಡಿಗೆ ಅಡ್ಡಗೋಡೆ ಕಟ್ಟಲಾಗದು. ಏರುವವನ ಸೊಂಟಕ್ಕೆ ಹಗ್ಗ ಕಟ್ಟಬಹುದು. ಮಾಡಿನಿಂದ ಬಿದ್ದು ನಡುಮುರಿದುಕೊಂಡ ಕೂಲಿಕಾರರು ನಮ್ಮ ಕರಾವಳಿಯ ಯಾವ ಊರಿಗೂ ಅಪರಿಚಿತರಲ್ಲ. ಅವರ ಮನೆಗೆ ಒಂದು ದಿನದ ಕೂಲಿ ಹೋಯಿತು, ದುಡಿಯುವ ಕೈ ಹೋಗಿಬಿಟ್ಟಿತು. ದೇವರ ಮನೆಯ ದಂಬೆ ಶುಚಿಯಾಗಲು ಬಡವನ ಮನೆ ಕುಸಿಯಬೇಕಾದರೆ ಆ ಶುಚಿತ್ವವನ್ನು ಪ್ರಭು ಮೆಚ್ಚಲಾರನು.

ಆದುದರಿಂದ ಎರಡನೆಯ ಶತಮಾನದ ಹೊಸ್ತಿಲಲ್ಲಿ ನಮ್ಮ ಪಾಲನಾ ಮಂಡಳಿಯ ಮುಂದೆ, ಗುರ್ಕಾರರ ಮುಂದೆ, ಕೆಲವು ನಿಯಮಗಳನ್ನು ಇಡುತ್ತೇವೆ. ತೊಯ್ದ ಮಾಡಿಗೆ ಯಾರನ್ನೂ ಏರಿಸತಕ್ಕದ್ದಲ್ಲ. ಏಣಿಯನ್ನು ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ಹೊರಗೆ ಊರಿ, ಬುಡದಲ್ಲಿ ಒಬ್ಬರು ಹಿಡಿದಿರಬೇಕು. ಹಗ್ಗವನ್ನೂ ನಡುಪಟ್ಟಿಯನ್ನೂ ದೇವಾಲಯವೇ ಒದಗಿಸಬೇಕು. ಕೆಲಸಗಾರನಿಗೆ ಅಪಘಾತ ವಿಮೆಯಿರಬೇಕು. ಬಲಿಪೀಠದ ಸೇವೆಗೆ ಬರುವ ಬಾಲಕರನ್ನು, ಅವರೆಷ್ಟೇ ಚುರುಕಾಗಿರಲಿ, ಸೂರಿನ ಮೇಲೆ ಹತ್ತಿಸಬಾರದು. ಕಡೆಯದಾಗಿ, ಲೆಕ್ಕದ ಪುಸ್ತಕದಲ್ಲಿ ಇನ್ನು ಮುಂದೆ ಕೂಲಿಯ ಮೊತ್ತದ ಜೊತೆಗೆ ದುಡಿದವನ ಹೆಸರನ್ನೂ ಬರೆಯಬೇಕು.

ಮಂಗಳೂರಿನ ಹಂಚಿನ ಕಾರ್ಖಾನೆಗಳು ಬಹುಪಾಲು ಮುಚ್ಚಿವೆ. ಹಳೆಯ ಹಂಚಿನ ಮಾಡನ್ನು ಕೆಡವಿ ಕಾಂಕ್ರೀಟು ಹಾಕಬೇಕೆ, ಮೇಲೊಂದು ತಗಡಿನ ಚಪ್ಪರ ಎತ್ತಬೇಕೆ ಎಂಬ ಚರ್ಚೆ ಅನೇಕ ಧರ್ಮಕೇಂದ್ರಗಳಲ್ಲಿ ನಡೆದಿದೆ. ಯಾವುದನ್ನು ಆರಿಸಿದರೂ ನೀರಿಗೆ ದಾರಿ ಬೇಕು, ದಾರಿಯನ್ನು ತೆರೆದಿಡುವ ಕೈಗಳು ಬೇಕು. ಮುಂದಿನ ಶತಮಾನದ ಸಂಚಿಕೆಯನ್ನು ಬರೆಯುವವರಿಗೆ ಆ ಕೈಗಳ ಹೆಸರುಗಳಾದರೂ ದೊರೆಯಲಿ. ಹೆಸರಿಲ್ಲದೆ ದುಡಿದು ಅಗಲಿದವರ ಆತ್ಮಗಳಿಗೆ ಪ್ರಭು ನಿತ್ಯಶಾಂತಿಯನ್ನು ದಯಪಾಲಿಸಲಿ ಎಂದು ಪ್ರಾರ್ಥಿಸುತ್ತೇವೆ.