ಯಾರ ಸ್ವಾಧೀನ?

ಸ್ವಾಧೀನ

ರಸ್ತೆಗೆ ಜಮೀನು ಹೋಗುವ ರೈತನ ಮನೆಗೆ ಮೊದಲು ಬರುವುದು ಈ ಪದವೇ: ಭೂಸ್ವಾಧೀನದ ನೋಟಿಸು. ಸಂಸ್ಕೃತದಲ್ಲಿ ಸ್ವ + ಅಧೀನ, ಅಂದರೆ ತನಗೆ ತಾನೇ ಒಡೆಯ. ಗಂಡನನ್ನು ಅಂಕೆಯಲ್ಲಿಟ್ಟುಕೊಂಡ ನಾಯಿಕೆಗೆ ಅಲಂಕಾರಶಾಸ್ತ್ರ ಕೊಟ್ಟ ಹೆಸರು 'ಸ್ವಾಧೀನಪತಿಕೆ'. ಹಿಂದಿ, ಬಂಗಾಳಿಗಳಲ್ಲಿ 'ಸ್ವಾಧೀನತಾ' ಎಂದರೆ ಸ್ವಾತಂತ್ರ್ಯ! ಕನ್ನಡದಲ್ಲಿ ಪದ ಹಿಡಿತ, ವಶ ಎಂಬ ಕಡೆಗೆ ವಾಲಿತು. ಲಕ್ವ ಹೊಡೆದವರಿಗೆ 'ಬಲಗೈ ಸ್ವಾಧೀನದಲ್ಲಿಲ್ಲ' ಅನ್ನುತ್ತೇವೆ. ಕ್ರಯಪತ್ರದಲ್ಲಿ ಅದೇ 'ಸ್ವಾಧೀನಾನುಭವ'.

ತೊಡಕು ಇಲ್ಲೇ. ಸರ್ಕಾರ ಜಮೀನು ಪಡೆಯುವ ಇಡೀ ಪ್ರಕ್ರಿಯೆಗೂ, ಕೊನೆಗೆ ಜಾಗವನ್ನು ವಶಕ್ಕೆ ತೆಗೆದುಕೊಳ್ಳುವುದಕ್ಕೂ ನಮ್ಮಲ್ಲಿ ಒಂದೇ ಪದ. 'ಸ್ವಾಧೀನದ ಅಧಿಸೂಚನೆ ಆಗಿದೆ, ಸ್ವಾಧೀನ ಇನ್ನೂ ಆಗಿಲ್ಲ' ಎಂದು ವಕೀಲರು ಹೇಳಿದರೆ ಕಕ್ಷಿದಾರ ಕಕ್ಕಾಬಿಕ್ಕಿ. ಮೊದಲನೆಯದಕ್ಕೆ ಹಿಂದಿಯಲ್ಲಿ 'ಅಧಿಗ್ರಹಣ', ಮರಾಠಿಯಲ್ಲಿ 'ಭೂಸಂಪಾದನ', ತೆಲುಗಿನಲ್ಲಿ 'ಭೂಸೇಕರಣ' ಇವೆ. 1894ರ ಭೂಸ್ವಾಧೀನ ಕಾಯಿದೆ ಹೋಗಿ 2013ರದು ಬಂದರೂ ನಮ್ಮ ಪದ ಕದಲಲಿಲ್ಲ. ಜಾಗ ಕೈಗೆ ತೆಗೆದುಕೊಳ್ಳುವುದಕ್ಕಾದರೂ 'ವಶ' ಎಂದು ಬರೆದರೆ ಗೊಂದಲ ಅರ್ಧ ಕಳೆಯುತ್ತದೆ. ಅಲ್ಲಿಯವರೆಗೆ, ನೋಟಿಸು ಕೈಗೆ ಬಂದರೆ ಯಾವ ಸ್ವಾಧೀನ ಎಂದು ವಕೀಲರನ್ನು ಮೊದಲು ಕೇಳಿಬಿಡಿ.